ಅಣ್ಣ ಹಾಕಿದ ಬ್ರೇಕು

ಲೆಡ್‌ವಿಲ್, ಕೊಲೊರಾಡೊ
೬ ಸೆಪ್ಟೆಂಬರ್ ೧೯೯೪

ಪ್ರೀತಿಯ ವೆಸ್ಲಿ ಅಣ್ಣ,

ಹೇಗಿದ್ದೀಯ? ಅತ್ತಿಗೆ, ಮಗು ಚೆನ್ನಾಗಿದ್ದಾರಾ? ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಬಯ್ಯಬೇಡ. ಬರೆದು ಬರೆದು ಹರಿದೆ. ನಿಮ್ಮ ಹೊಸ ಮನೆಗೆ ಇನ್ನೂ ಫೋನ್ ಬಂದಿಲ್ಲ. ಬಂದಿದ್ದರೂ ಇದನ್ನೆಲ್ಲ ಬಾಯಿಬಿಟ್ಟು ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಇಲ್ಲಿ ಆಸ್ಪೆನ್ ಮರಗಳ ಎಲೆ ಹಳದಿಗೆ ತಿರುಗುತ್ತಿವೆ. ಅಮ್ಮ ಪೀಚ್ ಹಣ್ಣು ಬೇಯಿಸಿ ಬಾಟಲಿಗೆ ತುಂಬುತ್ತಿದ್ದಾಳೆ. ಹದಿನೇಳರ ಶನಿವಾರ ಘಾಟಿಯ ಕೆಳಗಿನ ಊರಲ್ಲಿ ಹಳೇ ಕಾರುಗಳ ಪ್ರದರ್ಶನ. ಅಪ್ಪ ತನ್ನ ಅರವತ್ತಾರನೇ ಇಸವಿಯ ಕನ್ವರ್ಟಿಬಲ್ಲನ್ನು ಈ ಸಲ 'ಕಾರ್ಖಾನೆಯಿಂದ ಬಂದ ಹಾಗೇ ಇರುವ' ಕಾರುಗಳ ಸಾಲಿನಲ್ಲಿ ನಿಲ್ಲಿಸುತ್ತಾನಂತೆ.

ಹೋದ ವಾರ ನನ್ನನ್ನು ಗ್ಯಾರೇಜಿಗೆ ಕರೆದ. "ಬಾರೇ ಪಂಡಿತೆ, ಕವಿತೆ ಓದಿದ್ದು ಸಾಕು, ಇದನ್ನ ಓದು." ಬಾನೆಟ್ಟಿನ ಕೆಳಗೆ ಕಾರ್ಖಾನೆಯವರು ಬಡಿದ ಪುಟ್ಟ ತಗಡು. ಯಾವ ಸ್ಪ್ರಿಂಗು, ಯಾವ ಬ್ರೇಕು ಹಾಕಿ ಕಳಿಸಿದ್ದರೆಂದು ಅದರಲ್ಲಿ ಗುರುತುಗಳಿವೆ. ನಾನು ಕೈಪಿಡಿ ನೋಡಿಕೊಂಡು ಹೇಳಿದೆ: ಮಾಮೂಲಿ ಸ್ಪ್ರಿಂಗು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಡಿಸ್ಕಿನ ಗುರುತೇ ಇಲ್ಲ.

"ನೋಡಿದ್ಯಾ!" ಅಂದ, ಪಂದ್ಯ ಗೆದ್ದವನ ಹಾಗೆ.

ಮರುದಿನದಿಂದಲೇ ಬಿಚ್ಚತೊಡಗಿದ. ನೀನು ಮುಂದಿನ ಚಕ್ರಗಳಿಗೆ ಹಾಕಿದ್ದ ಡಿಸ್ಕುಗಳು, ಗಟ್ಟಿ ಸ್ಪ್ರಿಂಗುಗಳು, ಬ್ರೇಕ್ ಆಯಿಲಿನ ಎರಡು ಖಾನೆಯ ಡಬ್ಬಿ, ಎಲ್ಲ ನೆಲಕ್ಕೆ ಬಂತು. ಈಗ ಅಲ್ಲಿರುವುದು ಹಳೇ ಡ್ರಮ್ಮುಗಳು, ಒಂದೇ ಖಾನೆಯ ಹಳೇ ಡಬ್ಬಿ. ಒಂದು ಕೊಳವೆ ಸೋರಿದರೂ ನಾಲ್ಕು ಚಕ್ರದ ಬ್ರೇಕೂ ಹೋಗುತ್ತದೆ ಎಂದು ನೀನೇ ಹೇಳಿಕೊಟ್ಟಿದ್ದೆ.

ಭಾನುವಾರ ಪರೀಕ್ಷೆಗೆಂದು ನನ್ನನ್ನು ಕೂರಿಸಿಕೊಂಡು ಘಾಟಿ ಇಳಿದ. ಅರ್ಧ ದಾರಿಯಲ್ಲೇ ಸುಟ್ಟ ವಾಸನೆ. ಪೆಡಲು ತುಳಿದ, ಕಾರು ಕೇಳಲಿಲ್ಲ. ಸೀಟಿನಿಂದ ಮೇಲೆದ್ದು ಮೈಭಾರವೆಲ್ಲ ಹಾಕಿ ತುಳಿದ. ಕಾರು ಅಂಚಿನ ಕಡೆ ವಾಲಿತು. ನನ್ನ ಬಾಗಿಲಿನಾಚೆ ರಸ್ತೆ ಕಾಣಲಿಲ್ಲ, ಪೈನ್ ಮರಗಳ ತುದಿ ಕಂಡಿತು. ಗೇರ್ ಇಳಿಸಿ, ಜಲ್ಲಿ ರಾಶಿಗೆ ಉಜ್ಜಿಸಿ ಹೇಗೋ ನಿಲ್ಲಿಸಿದ.

"ಬ್ರೇಕಿನ ಲೈನಿಂಗು ಹೊಸದು. ಪಳಗಬೇಕು," ಅಂದ. ಅವನ ಬಲಗಾಲು ನಡುಗುತ್ತಿತ್ತು. ನಾನು ಅದನ್ನು ನೋಡಿದೆ. ನೋಡಿದ್ದು ಅವನಿಗೂ ತಿಳಿಯಿತು.

ಪ್ರದರ್ಶನದ ಶನಿವಾರ ಅದೇ ಘಾಟಿಯಲ್ಲಿ ಅಮ್ಮನನ್ನು ಕರೆದುಕೊಂಡು ಇಳಿಯುತ್ತಾನೆ. ಅಮ್ಮನಿಗೆ ಎಲ್ಲ ಹೇಳಿದೆ. "ನಾನು ಕೂರಲ್ಲ ಅಂದ್ರೆ ಒಬ್ಬನೇ ಹೋಗ್ತಾನೆ ಕಣೇ. ಇನ್ನೂ ಜೋರಾಗಿ ಓಡಿಸ್ತಾನೆ. ಪಕ್ಕದಲ್ಲಿ ಬೈಯೋಕಾದ್ರೂ ಒಬ್ಬಳು ಬೇಡ್ವಾ?" ಅಂದಳು. ನಗಲು ನೋಡಿದಳು, ಆಗಲಿಲ್ಲ.

ನಿದ್ದೆ ಬಂದರೆ ಆ ಮರದ ತುದಿಗಳೇ. ನಿನ್ನ ಡಿಸ್ಕುಗಳನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಮಂಚದ ಕೆಳಗಿಟ್ಟಿದ್ದೇನೆ. ನೀನೂ ಅಪ್ಪನೂ ಮಾತು ಬಿಟ್ಟು ವರ್ಷವಾಯಿತು, ಗೊತ್ತು. ಆದರೂ ಹದಿನಾರರ ಶುಕ್ರವಾರದೊಳಗೆ ಬಾ. ನೀನು ಕೈಹಾಕಿದರೆ ಒಂದು ದಿನದ ಕೆಲಸ.

ದೇವರು ನಿಮ್ಮ ಮೂವರನ್ನೂ ತಣ್ಣಗಿಟ್ಟಿರಲಿ. ಮಗುವಿನ ಎರಡೂ ಕೆನ್ನೆಗೆ ಅತ್ತೆಯ ಮುತ್ತು.

ನಿನ್ನ ತಂಗಿ,
ಕೋರಾ

ತಾ.ಕ.: ಕಾಗದ ಮಡಿಸುವ ಮುಂಚೆ ಧೈರ್ಯ ಮಾಡಿ ಪ್ರದರ್ಶನದ ತೀರ್ಪುಗಾರರಿಗೆ ಫೋನ್ ಮಾಡಿದೆ. ಸುರಕ್ಷೆಗೆಂದು ಬ್ರೇಕು ಬದಲಿಸಿದ್ದರೆ ಅಂಕ ಕಳೆಯುವುದಿಲ್ಲವಂತೆ. ಓಡಿಹೋಗಿ ಅಪ್ಪನಿಗೆ ಹೇಳಿದೆ. ಅವನು ಚಕ್ರದಿಂದ ತಲೆ ಎತ್ತಲಿಲ್ಲ. "ಗೊತ್ತು," ಅಂದ. "ನಾನು ಮಂಡಿ ಆಪರೇಷನ್ ಆಗಿ ಆಸ್ಪತ್ರೇಲಿ ಮಲಗಿದ್ದಾಗ, ನನ್ನನ್ನ ಒಂದು ಮಾತೂ ಕೇಳದೆ ಆ ಡಿಸ್ಕು ಹಾಕಿದ. ಈ ಮುದುಕನ ಕಾಲಿಗೆ ಕಾರು ನಿಲ್ಲಲ್ಲ ಅಂತ ಅವತ್ತೇ ತೀರ್ಮಾನ ಮಾಡಿಬಿಟ್ಟಿದ್ದ, ನಿನ್ನಣ್ಣ."