ಬಿಡಿಸಬಾರದಿದ್ದ ಕರುಳು

ಕುಮಟಾ ಕಡಲಾಸ್ಪತ್ರೆ
ಫೆಬ್ರವರಿ 30, 2214

ಇಪ್ಪತ್ತೊಂದನೆಯ ಶತಮಾನದ ಶಸ್ತ್ರವೈದ್ಯರಿಗೆ,

ತಾರೀಖು ಕಂಡು ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ಎಲ್ಲಾದರೂ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾನು ಭಾಮಿನಿ ಗುನಗ, ಇಲ್ಲಿನ ವೈದ್ಯೆ.

ಬಲೆ ಹೆಣೆಯುವ ಹೊನ್ನಪ್ಪ ಹರಿಕಂತ್ರರಿಗೆ ಅರವತ್ಮೂರು ವರ್ಷ. ಬೆನ್ನುನೋವೆಂದು ಎರಡು ತಿಂಗಳು ನನ್ನ ಬಳಿ ಬಂದರು. ಹೊಟ್ಟೆಯೂ ನೋಯುತ್ತಿತ್ತು, ಒಂಬತ್ತು ಕಿಲೋ ಇಳಿದಿದ್ದರು, ಬೀಡಿ ಮಾತ್ರ ಬಿಟ್ಟಿರಲಿಲ್ಲ. ಮೂತ್ರ ಕಡಿಮೆಯಾದಾಗ ಕಲ್ಲಿರಬೇಕೆಂದುಕೊಂಡೆ. ತಪ್ಪು ನನ್ನದು. ಕೊನೆಗೆ ಸ್ಕ್ಯಾನ್ ಮಾಡಿಸಿದರೆ, ಹೃದಯದಿಂದ ಹೊಟ್ಟೆಗೆ ಇಳಿಯುವ ಮಹಾಧಮನಿ ಬಲೂನಿನಂತೆ ಉಬ್ಬಿತ್ತು. ಅದರ ಗೋಡೆ ಉರಿಯೂತದಿಂದ ದಪ್ಪಗಟ್ಟಿ, ಎರಡೂ ಮೂತ್ರನಾಳಗಳನ್ನು ತನ್ನತ್ತ ಎಳೆದುಕೊಂಡಿತ್ತು.

ಇಂಥದ್ದಕ್ಕೆ ನಮ್ಮಲ್ಲಿ ನಾಳದೂತ ಇದೆ: ತೊಡೆಸಂದಿಯ ರಕ್ತನಾಳದಿಂದ ಹೊಕ್ಕು ಒಳಗಿನಿಂದಲೇ ಹೊಸ ಕೊಳವೆ ಕೂರಿಸುವ, ಅಕ್ಕಿಕಾಳಿನಷ್ಟು ಯಂತ್ರ. ಹೊನ್ನಪ್ಪನವರ ಆ ರಕ್ತನಾಳಗಳು ಮುಚ್ಚಿಹೋಗಿದ್ದವು; ಮೂರು ಸಲ ಕಳಿಸಿದರೂ ಅದು ವಾಪಸು ಬಂತು. ಊತ ಇಳಿಸುವ ಔಷಧಿ ಕೊಟ್ಟರೂ ಉಬ್ಬು ಬೆಳೆಯುತ್ತಲೇ ಇತ್ತು. ಹೊಟ್ಟೆ ತೆರೆಯುವುದೊಂದೇ ದಾರಿ. ಆದರೆ ಎಂಬತ್ತು ವರ್ಷಗಳಿಂದ ಆ ಕೆಲಸವನ್ನು ಯಾರೂ ಕೈಯಿಂದ ಮಾಡಿಲ್ಲ. ನಾಲ್ಕು ದಿನ ನಿಮ್ಮ ಕಾಲದ ವಿಡಿಯೊಗಳನ್ನು ನೋಡಿದೆ. ಅವುಗಳಲ್ಲಿ ಇದ್ದದ್ದು ಮಾಮೂಲಿ ಉಬ್ಬುಗಳು.

"ನಿಮಗೆ ಬರ್ತದಲ್ಲ?" ಎಂದು ಅವರ ಮಗಳು ನಾಗವೇಣಿ ಕೇಳಿದಳು.

"ನೋಡಿದ್ದೇನೆ" ಎಂದೆ. ಅವಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು.

ತೆರೆದರೆ ಧಮನಿಯ ಮೇಲೆ ಬಿಳಿ, ಹೊಳಪಿನ, ಗಟ್ಟಿ ಪದರ. ಸಣ್ಣಕರುಳಿನ ಮೊದಲ ಭಾಗ ಅದಕ್ಕೆ ಅಂಟಿ ಒಂದಾಗಿತ್ತು. ಬಿಡಿಸದೆ ಮುಂದೆ ಹೋಗುವುದು ಹೇಗೆಂದು ತಿಳಿಯಲಿಲ್ಲ. ಬಿಡಿಸಲು ಹೋದೆ. ಕರುಳು ಹರಿಯಿತು. ಹೊಲಸು ಸೋರಿದ ಜಾಗದಲ್ಲಿ ಹೊಸ ಕೊಳವೆ ಹೊಲಿದರೆ ಅದಕ್ಕೂ ಸೋಂಕು ಹತ್ತುತ್ತದೆ. ಹರಿದದ್ದನ್ನು ಹೊಲಿದು, ಉಬ್ಬನ್ನು ಹಾಗೆಯೇ ಬಿಟ್ಟು, ಹೊಟ್ಟೆ ಮುಚ್ಚಿದೆ.

ಎಚ್ಚರವಾದಾಗ ಹೊನ್ನಪ್ಪನವರು ಕೇಳಿದರು: "ಆಯ್ತಾ ಡಾಕ್ಟ್ರಮ್ಮ?"

"ಇಲ್ಲ. ನನ್ನ ಕೈಲಿ ಆಗಲಿಲ್ಲ."

"ಹಾಗಾದ್ರೆ ಬೇರೆ ಯಾರಿದ್ದಾರೆ?" ಎಂದರು.

ಯಾರೂ ಇರಲಿಲ್ಲ. ಒಂಬತ್ತು ದಿನ ಪಕ್ಕದಲ್ಲಿ ಕೂತೆ. ಗಂಜಿ ಬೇಡಿದರು; ಕೊಡುವಂತಿರಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ಉಬ್ಬು ಒಡೆಯಿತು; ಅವರು ತೀರಿಕೊಂಡರು.

ಆಮೇಲೆ ಹಳೆಯ ಕಡತವೊಂದರಲ್ಲಿ ನಿಮ್ಮಲ್ಲೊಬ್ಬರು ಬರೆದ ಸಾಲು ಸಿಕ್ಕಿತು: ಅಂಟಿದ ಕರುಳನ್ನು ಬಿಡಿಸಬೇಡಿ, ಅದನ್ನು ಧಮನಿಯ ಮೇಲೆಯೇ ಬಿಟ್ಟು, ಧಮನಿಯನ್ನು ಪಕ್ಕದಿಂದ ತೆರೆಯಿರಿ. ಒಂದೇ ಸಾಲು. ಎಷ್ಟು ಪಕ್ಕಕ್ಕೆ, ರಕ್ತವನ್ನು ಎಲ್ಲಿ ತಡೆಹಿಡಿಯಬೇಕು, ಬೆರಳಿಗೆ ಅದು ಹೇಗೆ ಗೊತ್ತಾಗುತ್ತದೆ, ಯಾವುದೂ ಇಲ್ಲ. ನಾಗವೇಣಿಗೆ ತೋರಿಸಿದೆ. ಓದಿ, "ಇದನ್ನ ನಂಗೆ ಯಾಕೆ ತೋರಿಸ್ತೀರಿ?" ಎಂದಳು.

ಈ ಕೆಲಸ ನಿಮಗೆ ಗೊತ್ತಿದೆ. ದಯವಿಟ್ಟು ಪೂರ್ತಿ ಬರೆದಿಡಿ. ಕೆಳಗಿನ ವಾರ್ಡಿನಲ್ಲಿ ಇದೇ ರೋಗದ ಹೆಂಗಸೊಬ್ಬರು ಮಲಗಿದ್ದಾರೆ. ನಾಳೆ ತೆರೆಯಬೇಕು.

ಭಾಮಿನಿ