ಗುಡ್ಡಕ್ಕೆ ಹೋದ ಉಡಿ

ಸೆಪ್ಟೆಂಬರ್ 30, ಸೋಮವಾರ

ಬಬಲೇಶ್ವರದ ಶಾಲೆಯಿಂದ ಇವತ್ತೂ ಬಸ್ಸಿನಲ್ಲಿ ನಿಂತೇ ಬಂದೆ. ತಿದ್ದಿದ ಪೇಪರ್ ಕಟ್ಟು ಹೆಡ್ ಮಾಸ್ತರರ ಟೇಬಲ್ ಮೇಲೆ ಒಗೆದು ಬಂದಾಯಿತು. ನಾಡಿದ್ದಿನಿಂದ ದಸರಾ ರಜೆ. ಕಾಲು ಬಾತಿವೆ.

ಮನೆಯಲ್ಲಿ ಅತ್ತೆ ಬೆಳಗಿನಿಂದ ರೊಟ್ಟಿ ಬಡಿಯುತ್ತಿದ್ದಾರೆ. ಕಡಕ್ ರೊಟ್ಟಿ, ಬುಟ್ಟಿ ತುಂಬ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ. ಒಂದು ವಾರದ ಪ್ರವಾಸಕ್ಕೆ ಇಷ್ಟೇಕೆ ಎಂದೆ.

“ಇರಲಿ ತಗೋ ಯವ್ವಾ. ರೊಟ್ಟಿ ಏನ್ ಕೆಡತೈತಿ? ತಿಂಗಳಗಟ್ಟಲೆ ಇಟ್ರೂ ಏನೂ ಆಗಂಗಿಲ್ಲ.”

ಇವರು ಅಂಗಳದಲ್ಲಿ ವ್ಯಾನಿನ ಕೆಳಗೆ. ಎರಡು ಕಾಲು ಮಾತ್ರ ಕಾಣುತ್ತವೆ. ಹಳೆಯ ಸ್ಕೂಲ್ ವ್ಯಾನ್ ಅದು. ಇವರ ಗ್ಯಾರೇಜಿಗೆ ಡೆಂಟಿಂಗ್‌ಗೆಂದು ಬಂದು ಅಲ್ಲೇ ಉಳಿದಿತ್ತು. ಹಿಂದಿನ ಸೀಟು ಕಿತ್ತು ಮಂಚ ಕೂರಿಸಿದ್ದಾರೆ, ಮೂಲೆಗೆ ಗ್ಯಾಸ್ ಒಲೆ, ಪುಟ್ಟ ಫ್ಯಾನು. ಹಳದಿ ಬಣ್ಣ ಮಾತ್ರ ಹಾಗೇ ಇದೆ. ಊರವರ ಗಾಡಿಗೆಲ್ಲ ಬಣ್ಣ ಹೊಡೆಯುವ ನನ್ನ ಯಜಮಾನ ಅಂಬಾದಾಸರಿಗೆ ತಮ್ಮ ಗಾಡಿಗೆ ಹೊಡೆಯಲು ಪುರುಸೊತ್ತಿಲ್ಲವಂತೆ.

ಡಾಕ್ಟರಮ್ಮ ಹೇಳಿದ್ದು ತಲೆಯಲ್ಲೇ ಕೂತಿದೆ. ಆಸ್ಪತ್ರೆಯ ಫ್ರೀಜರಿನಲ್ಲಿ ಇನ್ನು ಉಳಿದದ್ದು ನಮ್ಮ ಒಂದೇ ಭ್ರೂಣ. ದಸರಾ ಮುಗಿದ ಮೇಲೆ ಬನ್ನಿ — ಹಾಕಿಸಿಕೊಳ್ಳುತ್ತೀರೋ, ಬೇಡವೋ, ಹೇಳಿ.

ಬೇಡ. ನನಗೆ ಸಾಕಾಗಿದೆ. ಇಂಜೆಕ್ಷನ್ನು, ಗುಳಿಗೆ, ಮತ್ತೆ ಕಾಯುವುದು, ಮತ್ತೆ ಬಾತ್‌ರೂಮಿನಲ್ಲಿ ಕೂತು ಅಳುವುದು... ಗುಡ್ಡಕ್ಕೆ ಕಲ್ಲು ಹೊತ್ತ ಹಾಗಾಯಿತು ಇಷ್ಟು ವರ್ಷ. ಇವರಿಗೆ ಹೇಳಿಲ್ಲ. ಮಹಾರಾಷ್ಟ್ರದ ಗುಡ್ಡ ತೋರಿಸುತ್ತೇನೆ ಎಂದಿದ್ದಾರಲ್ಲ, ಹತ್ತುವಾಗ ಎಲ್ಲಾದರೂ ಹೇಳುತ್ತೇನೆ. ಅದಕ್ಕೇ ಈ ಪ್ರವಾಸಕ್ಕೆ ಹೂಂ ಅಂದದ್ದು.

ಅಕ್ಟೋಬರ್ 3, ಗುರುವಾರ. ಮಧ್ಯಾಹ್ನ

ಅತ್ತೆ ಘಟ ಕೂರಿಸುವವರೆಗೂ ಬಿಡಲಿಲ್ಲ. ನವರಾತ್ರಿಯ ಮೊದಲ ದಿನ — ಪತ್ರಾವಳಿಯ ಮೇಲೆ ಮಣ್ಣು, ಮಣ್ಣಿನಲ್ಲಿ ಕಾಳು, ನಡುವೆ ನೀರಿನ ಗಡಿಗೆ. ಒಂಬತ್ತು ದಿನದಲ್ಲಿ ಸಸಿ ಎಷ್ಟೆತ್ತರ ಬರುತ್ತದೋ ಅಷ್ಟು ಒಳ್ಳೆಯದು. ನನ್ನ ತವರಿನಲ್ಲಿ ಇದೆಲ್ಲ ಇಲ್ಲ. ಗೋಡೆಗೆ ಬುದ್ಧನ ಫೋಟೊ ಒಂದು, ಬಾಬಾಸಾಹೇಬರದು ಒಂದು, ಅಷ್ಟೇ. ಆದರೂ ಇಲ್ಲಿ ಕೈಮುಗಿದು ನಿಲ್ಲುತ್ತೇನೆ. ನಿಂತರೆ ಅತ್ತೆಯ ಮಾತು ಕಡಿಮೆ.

ತಿಕೋಟಾದಲ್ಲಿ ತುಕಾರಾಮನ ಅಂಗಡಿಯಲ್ಲಿ ಚಹಾ. ಇವರ ಹಳೆಯ ಗಿರಾಕಿ. ವ್ಯಾನಿನ ಸುತ್ತ ಒಂದು ಸುತ್ತು ಹಾಕಿ ಬಂದ.

“ಸಾಲಿ ಗಾಡಿ ತಂದೀರಿ, ಹುಡುಗ್ರನ್ನ ಎಲ್ಲಿ ಬಿಟ್ಟು ಬಂದ್ರಿ ಅಣ್ಣಾರ?”

“ಆಗ್ತಾವ ತಗೋ,” ಅಂದರು ಇವರು, ನಗುತ್ತಾ.

ಯಾರು ಕೇಳಿದರೂ ಇವರದು ಇದೇ ಉತ್ತರ. ಆಗ್ತಾವ. ಆ ಮಾತು ಕೇಳಿದರೆ ನನಗೆ ಹೊಟ್ಟೆಯಲ್ಲಿ ಸೂಜಿ ಚುಚ್ಚಿದಂತಾಗುತ್ತದೆ. ನಿಜವಾದ ಸೂಜಿ ಎಷ್ಟು ಚುಚ್ಚಿಸಿಕೊಂಡಿದ್ದೇನೋ, ಅದಕ್ಕೇ ಗೊತ್ತು.

ಬಿಜ್ಜರಗಿ ಕಡೆಯ ದ್ರಾಕ್ಷಿ ತೋಟ ದಾಟಿ ಬಂದೆವು. ಕನಮಡಿ ರಸ್ತೆ ತಿರುಗುವಲ್ಲಿ ಕುರಿಹಿಂಡು ಅಡ್ಡ ಬಂದು ಬಹಳ ಹೊತ್ತು ನಿಂತೆವು. ಇವರು ಹಾಡು ಗುನುಗುತ್ತಿದ್ದಾರೆ. ಖುಷಿಯಲ್ಲಿದ್ದಾರೆ. ಇವತ್ತು ಹೇಳುವುದು ಬೇಡ.

ಅಕ್ಟೋಬರ್ 4, ಶುಕ್ರವಾರ

ಪಂಚಗಣಿ. ಟೇಬಲ್‌ಲ್ಯಾಂಡ್ ಮೇಲೆ ಕುದುರೆ, ಐಸ್‌ಕ್ರೀಮು, ಜನ. ದೂರದ ಗುಡ್ಡ ನುಣ್ಣಗೆ ಅನ್ನುತ್ತಾರಲ್ಲ, ಹತ್ತಿರ ಹೋದರೆ ಲದ್ದಿ. ಅಂಚಿಗೆ ಹೋಗಿ ಕೂತೆವು. ಕೆಳಗೆ ಕೃಷ್ಣೆ. ನಮ್ಮ ಕಡೆ ಬರುವಷ್ಟರಲ್ಲಿ ಎಷ್ಟು ಅಗಲವಾಗುತ್ತಾಳೆ, ಇಲ್ಲಿ ಒಂದು ಗೆರೆ.

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಇವರು —

“ಮುಂದಿನ ಸಲ ಮೂರು ಮಂದಿ ಬರೂಣು. ಮಂಚದ ಬಾಜೂಕ ಇನ್ನೊಂದು ಸಣ್ಣ ಮಂಚ ಕುಂದ್ರತೈತಿ. ಅಳತಿ ತಗೊಂಡೇನಿ.”

ಐಸ್‌ಕ್ರೀಮು ಕರಗಿ ಕೈಮೇಲೆ ಇಳಿಯಿತು.

ಅಕ್ಟೋಬರ್ 7, ಸೋಮವಾರ. ಸಂಜೆ

ಎರಡು ದಿನದಿಂದ ಸಣ್ಣ ಮಳೆ. ಬಾರಿ ಅನ್ನುವ ಹಳ್ಳಿ, ಕಳಸೂಬಾಯಿ ಗುಡ್ಡದ ಬುಡ. ಮಹಾರಾಷ್ಟ್ರದಲ್ಲೇ ಎಲ್ಲಕ್ಕಿಂತ ಎತ್ತರವಂತೆ. ಸೋನಾಬಾಯಿ ಅನ್ನುವವರ ಅಂಗಳದಲ್ಲಿ ವ್ಯಾನ್ ನಿಲ್ಲಿಸಿದ್ದೇವೆ. ಸುತ್ತ ಭತ್ತ, ಮೋಡ, ಜಲಪಾತ. ಚಂದವೇನೋ ಬಹಳ ಇದೆ. ಹಾಸಿಗೆ ಒದ್ದೆ, ಸೀರೆ ಒದ್ದೆ, ಬೆಂಕಿಕಡ್ಡಿ ಹತ್ತುವುದಿಲ್ಲ. ಚಂದ ನೋಡಲೂ ಶಕ್ತಿ ಬೇಕು.

ಊಟಕ್ಕೆ ಬುಟ್ಟಿ ತೆಗೆದೆ. ರೊಟ್ಟಿ ಹಪ್ಪಳದಂತೆ ಮುರಿಯಬೇಕಾದದ್ದು ಚಕ್ಕಳದಂತೆ ಬಾಗಿತು. ಹಿಡಿದು ನೋಡಿದರೆ ಅಂಚಿನಲ್ಲಿ ಹಸಿರು ಬೂಸ್ಟು. ಒಂದಲ್ಲ, ಎಲ್ಲ. ಬಿಜಾಪುರದ ಬಿಸಿಲಿನಲ್ಲಿ ಹುಟ್ಟಿದ ನಮಗೆ ಗಾಳಿಯೇ ರೊಟ್ಟಿಯನ್ನು ಕೆಡಿಸುತ್ತದೆ ಎಂದು ಯಾರು ಹೇಳಬೇಕು? ನಗು ಬಂತು. ಎಲ್ಲ ಹೊರಗೆ ಹಾಕೋಣ ಎಂದು ಬುಟ್ಟಿಯ ತಳಕ್ಕೆ ಕೈ ಹಾಕಿದೆ.

ತಳದಲ್ಲಿ ಒಂದು ಗಂಟು. ಹಸಿರು ಖಣ, ಹಸಿರು ಬಳೆ, ಕೊಬ್ಬರಿ ಬಟ್ಟಲು, ಅರಿಶಿಣ ಬೇರು, ಉತ್ತತ್ತಿ, ಮತ್ತು ಸೇರಿನಷ್ಟು ಗೋಧಿ. ದೇವಿಗೆ ಉಡಿ ತುಂಬುವ ಸಾಮಾನು. ಗೋಧಿ ಒದ್ದೆಯಾಗಿ ಮೊಳಕೆ ಒಡೆದಿತ್ತು. ಬಿಳಿ ಬಿಳಿ ಬಾಲ.

ಆಗ ತಿಳಿಯಿತು. ಗುಡ್ಡದ ತುದಿಯಲ್ಲಿ ದೇವಿಯ ಗುಡಿ ಇದೆ ಎಂದು ಸೋನಾಬಾಯಿ ಆಗಲೇ ಹೇಳಿದ್ದರು. ನವರಾತ್ರಿಯಲ್ಲಿ ಹೆಂಗಸರು ಮಕ್ಕಳಾಗಲೆಂದು ಹತ್ತಿಹೋಗಿ ದೇವಿಯ ಉಡಿ ತುಂಬುತ್ತಾರೆ. ಇಷ್ಟು ಗುಡ್ಡ ಇರುವಾಗ ಈ ಗುಡ್ಡವೇ ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ ನಾನು.

“ಇದೇನ್ರಿ?” ಅಂದೆ.

ಇವರು ಒಲೆಯ ಮುಂದೆಯೇ ಕೂತಿದ್ದರು. ತಿರುಗಲಿಲ್ಲ.

“ಅವ್ವ ಕಟ್ಟಿ ಕೊಟ್ಟಾಳ. ಒಂದ ಸಲ ತುಂಬಿ ಬರ್ರಿ ಅಂದಾಳ. ಮ್ಯಾಲ ಹೋದಮ್ಯಾಗ ಹೇಳೂಣಂತ...”

“ಆಸ್ಪತ್ರಿ ಬಿಟ್ಟು ನಾಕು ದಿನ ದೂರ ಹೋಗೂಣು ಅಂದವರು ನೀವು. ಗಾಡ್ಯಾಗ ಅದನ್ನ ಮುಚ್ಚಿಟ್ಕೊಂಡು ಬಂದೀರಿ.”

“ಉಡಿ ತುಂಬಿದ್ರ ಏನ್ ಹೋಗತೈತಿ ಮೇಘಾ?”

“ನನಗ ಸಾಕಾಗೇತಿ,” ಅಂದೆ. ಬಂದೇಬಿಟ್ಟಿತು. “ಉಡಿನೂ ಬ್ಯಾಡ, ಆ ಒಂದೂ ಬ್ಯಾಡ. ಡಾಕ್ಟರಿಗೆ ಇಲ್ಲ ಅಂತ ಹೇಳಾಕಿ ನಾನು. ನನ್ನ ಮೈಯಾಗ ಇನ್ನ ತ್ರಾಣ ಇಲ್ರಿ.”

ಜಗಳವಾದರೆ ಮನೆಯಲ್ಲಿ ಒಬ್ಬರು ಅಡುಗೆಮನೆಗೆ ಹೋಗಬಹುದು, ಒಬ್ಬರು ಅಂಗಳಕ್ಕೆ. ಇಲ್ಲಿ ಇರುವುದು ಒಂದು ಮಂಚ. ಹೊರಗೆ ಮಳೆ. ಇಬ್ಬರೂ ಅದರ ಮೇಲೇ ಕೂತಿದ್ದೇವೆ, ಅವರ ಬೆನ್ನು ಈ ಕಡೆ. ಅಳುತ್ತಿದ್ದಾರೋ ಏನೋ, ಗೊತ್ತಾಗುತ್ತಿಲ್ಲ. ಕೇಳುವುದಿಲ್ಲ ನಾನು.

ಅಕ್ಟೋಬರ್ 8, ಮಂಗಳವಾರ

ಹತ್ತಿ ಇಳಿದೆವು. ಮಂಡಿ ನನ್ನವಲ್ಲ ಅನ್ನಿಸುತ್ತಿದೆ.

ಬೆಳಿಗ್ಗೆ ಇವರು ಒಂದೇ ಮಾತು ಆಡಿದ್ದು — “ಬಂದೇವಿ, ಹತ್ತೂಣು.” ಗಂಟನ್ನೂ ಚೀಲಕ್ಕೆ ಹಾಕಿಕೊಂಡರು. ಕೆಸರು, ಬಂಡೆ, ಕಡಿದಾದ ಜಾಗದಲ್ಲಿ ಕಬ್ಬಿಣದ ಏಣಿ. ಏಣಿ ತಣ್ಣಗೆ, ಜಾರುತ್ತದೆ. ಇವರು ಹಿಂದೆ, ನಾನು ಮುಂದೆ. ಒಂದು ಕಡೆ ಕಾಲು ಜಾರಿದಾಗ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಇಟ್ಟರು.

ಮೇಲೆ ಮೋಡದ ಹೊರತು ಏನೂ ಕಾಣಲಿಲ್ಲ. ಚಿಕ್ಕ ಗುಡಿ, ಕುಂಕುಮ, ಒದ್ದೆ ಹೂವು. ಹೆಂಗಸರ ಸಾಲು. ಸರದಿಯಲ್ಲಿದ್ದ ಒಬ್ಬಾಕೆ ಮರಾಠಿಯಲ್ಲಿ ಇವರನ್ನು ಕೇಳಿದಳು, ಮಕ್ಕಳೆಷ್ಟು ಎಂದು. ನಾನು ಮುಖ ತಿರುಗಿಸಿದೆ, ಆ ಉತ್ತರ ಕೇಳಬಾರದೆಂದು. ಇವರು ಆಗ್ತಾವ ಅನ್ನಲಿಲ್ಲ. ನನ್ನ ಕೈ ಹಿಡಿದು ಸಾಲಿನಿಂದ ಹೊರಗೆ ಕರೆತಂದರು.

ಬಂಡೆಯ ಮರೆಗೆ ಕೂತೆವು. ಇವರ ಗಡ್ಡದ ತುಂಬ ನೀರ ಹನಿ.

“ನೀ ಬ್ಯಾಡ ಅಂದ್ರ ಬ್ಯಾಡ. ಮೈ ನಿಂದು. ಆದ್ರ ನನಗ ಬೇಕಿತ್ತು ಮೇಘಾ. ಈಗೂ ಬೇಕು. ಇಲ್ಲ ಅಂತ ಸುಳ್ಳ ಹೇಳಾಕ ಬರಂಗಿಲ್ಲ ನನಗ.”

“ಗೊತ್ತೈತ್ರಿ.”

“ಸಣ್ಣ ಮಂಚದ್ದು ಅಳತಿ ತಗೊಂಡಿದ್ನಿ.”

“ಹೂಂ.”

ಅಲ್ಲಿಯೇ ಇಬ್ಬರೂ ಅತ್ತೆವು. ನವರಾತ್ರಿಯಲ್ಲಿ ಗುಡ್ಡದ ಮೇಲೆ ಅಳುವವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ, ಭಕ್ತಿ ಅಂದುಕೊಳ್ಳುತ್ತಾರೆ. ಉಡಿಯ ಗಂಟು ಹೋದ ಹಾಗೇ ವಾಪಸು ಬಂತು.

ಅಕ್ಟೋಬರ್ 10, ಗುರುವಾರ

ಮನೆ. ಬಿಜಾಪುರದ ಬಿಸಿಲು ಬಿದ್ದು ಒಂದೇ ತಾಸಿನಲ್ಲಿ ಹಾಸಿಗೆ ಒಣಗಿತು.

ಗಂಟನ್ನು ದಾರಿಯಲ್ಲಿ ಎಲ್ಲಾದರೂ ಇಟ್ಟು ಬರಬೇಕಿತ್ತು. ಇಬ್ಬರಿಗೂ ಕೈ ಬರಲಿಲ್ಲ. ಅತ್ತೆ ಬುಟ್ಟಿ ತೊಳೆಯಲು ತೆಗೆದವರು, ಮತ್ತೆ ಅದರಲ್ಲೇ ಇಟ್ಟಿದ್ದ ಗಂಟನ್ನು ಬಿಚ್ಚಿಯೇ ಬಿಟ್ಟರು. ಉಡಿ ತುಂಬಿಲ್ಲವೆಂದು ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಗೋಧಿಯ ಮೊಳಕೆ ಬೆರಳುದ್ದ ಆಗಿತ್ತು. ಅದನ್ನು ಬೊಗಸೆಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು.

“ತಾಯಿ ತಾನ ಶಕುನ ಕೊಟ್ಟಾಳ ನೋಡ್ರಿ. ಗಂಟಿನಾಗ ಕಾಳ ಚಿಗತಾವ. ಈ ಸಲ ಆಗತೈತಿ. ಬರೆದಿಟ್ಕೋರಿ, ಆಗತೈತಿ.”

ಘಟದ ಸಸಿಯ ಪಕ್ಕ ಇಟ್ಟು, ನನ್ನ ಹೊಟ್ಟೆಗೆ ಕೈ ಸವರಿ, ಆ ಕೈಗೆ ಮುತ್ತಿಟ್ಟುಕೊಂಡರು. ಎಪ್ಪತ್ತು ದಾಟಿದ ಮುದುಕಿ. ಮುಖ ಅಷ್ಟು ಅರಳಿದ್ದು ನೋಡಿ ಎಷ್ಟು ದಿನವಾಗಿತ್ತೋ. ಇನ್ನೊಂದು ನಿಮಿಷ ಆಗಿದ್ದರೆ, ಆಯಿತು, ಹಾಕಿಸಿಕೊಳ್ಳುತ್ತೇನೆ ಅಂದುಬಿಡುತ್ತಿದ್ದೆ. ಅಷ್ಟು ಸುಸ್ತಾಗಿತ್ತು. ಬೇಡ ಅನ್ನುವುದಕ್ಕೂ ತ್ರಾಣ ಬೇಕಲ್ಲ.

ಇವರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ವ್ಯಾನಿನ ಕೀಲಿ.

“ಅವ್ವಾ. ಅದು ಮಳಿಗೆ ನೆನೆದು ಚಿಗತೈತಿ. ರೊಟ್ಟಿಗೆ ಬೂಸ್ಟ ಬಂದದ್ದೂ ಅದಕ್ಕ. ಶಕುನ ಅಲ್ಲ ಬೇ.”

“ಹಂಗನಬಾರದೋ ಯಪ್ಪಾ.”

“ಡಾಕ್ಟರಿಗೆ ಬ್ಯಾಡ ಅಂತ ಹೇಳವರದೇವಿ. ನಾವಿಬ್ರೂ ಕೂಡೇ ಮಾತಾಡಿ ಗಟ್ಟಿ ಮಾಡೇವಿ. ಆಕೀನ ಏನೂ ಕೇಳಬ್ಯಾಡ. ಕೇಳೂದಿದ್ರ ನನ್ನ ಕೇಳು.”

ನಾವಿಬ್ಬರೂ ಎಂದರು. ಮೇಘಾ ಬೇಡ ಅಂದಳು ಎನ್ನಲಿಲ್ಲ. ಅತ್ತೆ ನನ್ನ ಮುಖ ನೋಡಿದರು, ಮಗನ ಮುಖ ನೋಡಿದರು. ಘಟದ ಮುಂದೆ ಕೂತುಬಿಟ್ಟರು.

ಅಕ್ಟೋಬರ್ 12, ಶನಿವಾರ. ದಸರಾ

ಅತ್ತೆ ಎರಡು ದಿನದಿಂದ ಮಾತಾಡಿಲ್ಲ. ಅಡುಗೆ ಮಾಡುತ್ತಾರೆ, ಬಡಿಸುತ್ತಾರೆ, ಎದ್ದು ಹೋಗುತ್ತಾರೆ.

ಸಂಜೆ ಬನ್ನಿ ಕೊಡುವ ಹೊತ್ತು. ಕಾಲಿಗೆ ಬಿದ್ದೆ. ಪ್ರತಿವರ್ಷ ಎಲೆ ಕೊಟ್ಟು, ಮುಂದಿನ ದಸರಾಕ್ಕೆ ಮಡಿಲಲ್ಲಿ ಕೂಸು ಇರಲಿ ಎಂದು ಒಂದು ಮಾತು ಸೇರಿಸುತ್ತಿದ್ದರು. ಈ ಸಲ ಎಲೆ ಕೈಯಲ್ಲಿಟ್ಟು ನನ್ನ ಬೆರಳು ಮಡಿಸಿದರು.

“ಬಂಗಾರದಂಗ ಇರೂಣು,” ಅಂದರು. ಅಷ್ಟೇ.

ಅಕ್ಟೋಬರ್ 14, ಸೋಮವಾರ. ಸಂಜೆ ಆರು

ಆಯಿತು. ಡಾಕ್ಟರಮ್ಮ ಮತ್ತೊಮ್ಮೆ ಕೇಳಿದರು, ಇಬ್ಬರೂ ಯೋಚಿಸಿದ್ದೀರಾ ಎಂದು. ಬೇಡವೆಂಬ ಕಾಗದಕ್ಕೆ ಮೊದಲು ಸಹಿ ಮಾಡಿದ್ದು ಇವರು. ಆಮೇಲೆ ಪೆನ್ನು ನನ್ನ ಕೈಗೆ ಕೊಟ್ಟರು.

ವ್ಯಾನಿನಲ್ಲೇ ಬಂದೆವು. ಗಾಂಧಿ ಚೌಕದಲ್ಲಿ ಆಟೊಗಳ ನಡುವೆ ಸಿಕ್ಕಿಕೊಂಡಾಗ, ಪಕ್ಕದ ಬೈಕಿನವನು ಗಾಡಿ ನೋಡಿ ಯಾವ ಸಾಲಿದ್ರಿ ಇದು, ನಮ್ಮ ಹುಡುಗನ್ನ ಬಿಡಬೇಕಿತ್ತು ಅಂದ.

“ಸಾಲಿದಲ್ರಿ. ನಮ್ಮ ಮನಿ ಗಾಡಿ. ನಾವಿಬ್ರ,” ಅಂದರು ಇವರು.

ಮನೆ ಮುಟ್ಟಿ ಒಂದು ತಾಸಾಯಿತು. ಇನ್ನೂ ಇಳಿದಿಲ್ಲ. ಕಿಟಕಿಯಿಂದ ಕಾಣುತ್ತಿದ್ದಾರೆ. ಸ್ಟೇರಿಂಗ್ ಮೇಲೆ ಹಣೆ ಇಟ್ಟುಕೊಂಡಿದ್ದಾರೆ. ಬೆನ್ನು ಅಲುಗುತ್ತಿದೆ. ಗುಡ್ಡದ ಮೇಲೆ ನನಗೆ ಹಗುರವಾಯಿತು. ಇವರಿಗೆ ಇನ್ನೂ ಆಗಿಲ್ಲ. ಹೊತ್ತು ತಂದಿದ್ದಾರೆ.

ಅತ್ತೆ ಚಹಾ ಸೋಸಿ ಎರಡು ಕಪ್ಪು ನನ್ನ ಮುಂದೆ ಇಟ್ಟರು. ಮಗನ ಕಡೆ ಗಲ್ಲ ತೋರಿಸಿ —

“ಹೋಗು. ಆರತೈತಿ.”

ಹೋಗಿ ಪಕ್ಕದ ಸೀಟಿನಲ್ಲಿ ಕೂರುತ್ತೇನೆ. ಏನು ಹೇಳಬೇಕು ಗೊತ್ತಿಲ್ಲ. ಚಹಾ ಕೈಗೆ ಕೊಟ್ಟು, ಆ ಬೆನ್ನಿನ ಮೇಲೆ ಕೈ ಇಡುತ್ತೇನೆ.