ಎಡಕ್ಕೆ ಒಂದು ಗೇಣು

ಬ್ಯೋರ್ಕ್‌ಹೆಡೆನ್, ದಲಾರ್ನಾ
21 ಅಕ್ಟೋಬರ್ 2014, ಮಂಗಳವಾರ ಸಂಜೆ

ಟೂರೆಗೆ,

ಮೊದಲು ‘ಪ್ರೀತಿಯ’ ಎಂದು ಬರೆದೆ, ಹೊಡೆದು ಹಾಕಿದೆ. ಮತ್ತೆ ಬರೆದೆ, ಮತ್ತೆ ಹೊಡೆದು ಹಾಕಿದೆ. ಇದು ನಾಲ್ಕನೆಯ ಹಾಳೆ. ನಲವತ್ತೊಂದು ವರ್ಷ ಜೊತೆಗಿದ್ದವನನ್ನು ಏನೆಂದು ಕರೆಯಬೇಕು ಎಂದೇ ತಿಳಿಯದವಳು ಮುಂದಿನದನ್ನು ಏನು ಬರೆದಾಳು ಎಂದು ನೀನು ಮೂಗು ಮುರಿಯುತ್ತಿರುವುದು ಇಲ್ಲಿಗೇ ಕಾಣಿಸುತ್ತಿದೆ. ಮುರಿ. ಆದರೆ ಕಾಗದವನ್ನು ಕೊನೆಯವರೆಗೂ ನೀನೇ ಓದು. ಮೈಬ್ರಿಟ್ ಕೈಗೆ ಕೊಟ್ಟು ಓದಿಸಿಕೊಳ್ಳಬೇಡ. ನಿನ್ನ ಅಕ್ಕನಿಗೆ ಕೇಳಿಸಬಾರದ್ದು ಇದರಲ್ಲಿ ಏನಿಲ್ಲ. ನೀನೇ ಓದಬೇಕು ಎನ್ನುವುದಕ್ಕೆ ಬೇರೆ ಕಾರಣವಿದೆ.

ಫೋನ್ ಮಾಡಿದರೆ ನೀನು ತೆಗೆಯುವುದಿಲ್ಲ, ಅವಳೇ ತೆಗೆಯುತ್ತಾಳೆ. ಮೊನ್ನೆ ಭಾನುವಾರ ದನಿ ತಗ್ಗಿಸಿ ಹೇಳಿದಳು: “ಗುನ್ವೋರ್, ಇವ್ನು ಬೆಳಗ್ಗೆ ಎದ್ದು ಕಣ್ಣು ಮುಚ್ಕೊಂಡು ಮೆಟ್ಲು ಹತ್ತಿ ಇಳಿಯೋದು ಕಲೀತಿದಾನೆ ಕಣೆ. ಹದಿನಾಲ್ಕು ಮೆಟ್ಲು ಅಂತ ಎಣಿಸ್ಕೊಂಡಿದಾನೆ. ಯಾಕೋ ಅಂದ್ರೆ, ಮುಂದೆ ಬೇಕಾಗತ್ತೆ, ಈಗ್ಲೇ ರೂಢಿ ಆಗ್ಲಿ ಅಂತಾನೆ. ಡಾಕ್ಟ್ರ ಹತ್ರ ಹೋಗೋಣ ಅಂದ್ರೆ, ಅಪ್ಪಂಗೆ ಅವ್ರು ಏನು ಕಡಿದು ಗುಡ್ಡೆ ಹಾಕಿದ್ರು ಅಂತ ನನ್ನೇ ಕೇಳ್ತಾನೆ.” ಕಾರನ್ನೂ ನೆರೆಮನೆಯವನಿಗೆ ಕೊಟ್ಟುಬಿಟ್ಟೆಯಂತೆ. ಅದನ್ನು ಕೇಳಿದಾಗಿನಿಂದ ಕಾಫಿ ಕಾಯಿಸಲು ಇಟ್ಟು ಮರೆಯುತ್ತೇನೆ, ವಾಸನೆ ಬಂದ ಮೇಲೆ ನೆನಪಾಗುತ್ತದೆ.

ನೀನು ಮನೆ ಬಿಟ್ಟು ಅಕ್ಕನ ಹತ್ತಿರ ಹೋಗುವಾಗ ಅಡುಗೆಮನೆಯ ಮೇಜಿನ ಮೇಲೆ ಚೀಟಿ ಇಟ್ಟಿದ್ದೆ. ‘ನನ್ನ ತೊಂಬತ್ತಾರನ್ನು ಪೊಲೀಸರಿಗೆ ಒಪ್ಪಿಸು, ಕರಗಿಸಲಿ. ಸಹಿ ಹಾಕಿದ ಅರ್ಜಿ ಜೊತೆಗಿದೆ.’ ಬೇರೇನೂ ಇರಲಿಲ್ಲ, ನನ್ನ ಹೆಸರು ಕೂಡ. ಪೊಲೀಸರು ಮೂವತ್ತೊಂದನೇ ತಾರೀಕು ಶುಕ್ರವಾರ ತಂದುಕೊಡಿ ಎಂದಿದ್ದಾರೆ. ಹತ್ತು ದಿನ ಉಳಿದಿದೆ.

ಎಂಬತ್ತೆರಡರ ವಸಂತದಲ್ಲಿ, ಸೇನೆಯ ಉಗ್ರಾಣದಿಂದ ಹೊರಬಿದ್ದ ಹಳೇ ಬಂದೂಕುಗಳಲ್ಲಿ ನಾವಿಬ್ಬರೂ 1896ರ ಮಾದರಿಯ ಒಂದೊಂದು ತೊಂಬತ್ತಾರನ್ನು ಆರಿಸಿಕೊಂಡೆವು. ನಾನು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡೆ. ನೀನು ಒಂದಿಡೀ ಬೆಳಗ್ಗೆ ಸಾಲಿನಲ್ಲಿದ್ದ ಒಂದೊಂದರ ನಳಿಗೆಯನ್ನೂ ಬೆಳಕಿಗೆ ಹಿಡಿದು ನೋಡಿದೆ. ಬೋಲ್ಟಿನ ಮೇಲಿನ ಸಂಖ್ಯೆ, ನಳಿಗೆಯ ಸಂಖ್ಯೆ, ಚಿಕ್ಕ ತಿರುಪುಗಳ ಸಂಖ್ಯೆ ಎಲ್ಲ ಒಂದೇ ಇದೆಯೇ ಎಂದು ತಾಳೆ ಹಾಕಿದೆ. ಕೊನೆಗೆ 1908ರಲ್ಲಿ ಎಸ್ಕಿಲ್‌ಸ್ಟೂನಾದಲ್ಲಿ ತಯಾರಾದ ಒಂದನ್ನು ಎದೆಗವಚಿಕೊಂಡು ಬಂದೆ. ಬುಡದ ಹಿತ್ತಾಳೆ ಬಿಲ್ಲೆಯಲ್ಲಿ ನಳಿಗೆ ಒಂದನೇ ದರ್ಜೆ ಎಂದು ಗುರುತು ಹಾಕಿದ್ದಾರೆ ಎಂದು ದಾರಿಯುದ್ದಕ್ಕೂ ಹೇಳಿದೆ. ನಮ್ಮ ಮದುವೆಯ ದಿನವೂ ನೀನು ಅಷ್ಟು ಮಾತಾಡಿರಲಿಲ್ಲ. ಆಮೇಲೆ ಅದನ್ನು ನಾನು ಮುಟ್ಟಬೇಕಾದರೆ ಕೈ ತೊಳೆದುಕೊಂಡು ಬರಬೇಕಿತ್ತು. ನಳಿಗೆಯ ಮೇಲೆ ಬೆರಳಚ್ಚು ಬಿಟ್ಟನೆಂದು ನಿನ್ನ ತಮ್ಮನ ಜೊತೆ ಒಂದು ಎಲ್ಕ್ ಬೇಟೆಯ ಕಾಲ ಪೂರ್ತಿ ಮಾತು ಬಿಟ್ಟವನು ನೀನು. ಅಂಥ ಬಂದೂಕನ್ನು ಕರಗಿಸು ಎಂದು ಬರೆದಿಟ್ಟು ಹೋಗಿದ್ದೀಯ.

ಈಗ ಹೇಳುವುದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ನನ್ನ ತಲೆಯಲ್ಲಿ ಒಂದು ಸಾಲಿಗೆ ಬರಲಿ ಎಂದು. ಮಂಗಳವಾರದ ಅಭ್ಯಾಸಕ್ಕೆ ನಮ್ಮ ಸಂಘದಲ್ಲಿ ಈಗ ಬರುವವರು ಏಳೆಂಟು ಜನ. ಮುನ್ನೂರು ಮೀಟರ್ ಆಚೆ ಗುರಿಹಲಗೆಗಳ ಕೆಳಗಿನ ಕಂದಕಕ್ಕೆ ಇಳಿದು ಕೂರುವುದು ಯಾರಿಗೂ ಬೇಡ. ಒಬ್ಬನಿಗೆ ಮಂಡಿ, ಒಬ್ಬನಿಗೆ ಸೊಂಟ, ಉಳಿದವರಿಗೆ ಸೋಮಾರಿತನ. ಹಾಗಾಗಿ ನೀನು ಹೊಡೆಯುವಾಗ ಕಂದಕದಲ್ಲಿ ನಾನು, ನಾನು ಹೊಡೆಯುವಾಗ ನೀನು. ಗುಂಡು ಬಿದ್ದ ಕೂಡಲೇ ಹಲಗೆ ಇಳಿಸಿ, ತೂತಿಗೆ ಚೂರು ಕಾಗದ ಅಂಟಿಸಿ, ಹಲಗೆ ಏರಿಸಿ, ಗುಂಡು ಬಿದ್ದ ಜಾಗಕ್ಕೆ ತೋರುಕೋಲು ಇಡಬೇಕು. ಆ ದೂರದಿಂದ, ಅಂಟಿಸಿದ ಮೇಲಂತೂ, ದುರ್ಬೀನಿಗೂ ತೂತು ಸಿಗುವುದಿಲ್ಲ. ಕೋಲು ಹೇಳಿದ್ದೇ ನಿಜ. ಕಂದಕದಲ್ಲಿ ಕೂತವರು ಸುಳ್ಳು ತೋರಿಸಬಹುದು ಎಂಬ ಯೋಚನೆ ನಮ್ಮಲ್ಲಿ ಯಾರಿಗೂ ಯಾವತ್ತೂ ಬಂದಿಲ್ಲ.

ನಾನು ತೋರಿಸಿದೆ. ಹೋದ ವರ್ಷದ ಬೇಸಿಗೆ ಪೂರ್ತಿ, ಅದರ ಹಿಂದಿನ ಬೇಸಿಗೆ ಪೂರ್ತಿ, ಈ ವರ್ಷ ಆಗಸ್ಟಿನವರೆಗೆ. ನಿನ್ನ ಗುಂಡುಗಳು ಎಡಕ್ಕೆ ಹೋಗಿ ಆರರ ವೃತ್ತದಲ್ಲಿ ಬೀಳುತ್ತಿದ್ದವು. ನಾನು ಕೋಲನ್ನು ನಡುವಿಗೆ ತಂದು ಹತ್ತನ್ನೋ ಒಂಬತ್ತನ್ನೋ ತೋರಿಸುತ್ತಿದ್ದೆ. ನಿನ್ನಪ್ಪನಿಗೆ ಅರವತ್ತೆಂಟಕ್ಕೆ ಕಣ್ಣು ಹೋಯಿತು. ನಿನಗೂ ಆ ವಯಸ್ಸು ಹತ್ತಿರ ಬರುತ್ತಿತ್ತು. ಮಂಜಾಗುತ್ತಿದೆ, ಪಾಪ, ಗೊತ್ತಾಗುವ ದಿನ ಗೊತ್ತಾಗಲಿ ಎಂದುಕೊಂಡೆ. ಅಭ್ಯಾಸ ಮುಗಿಸಿ ಬನ್ನು ಕಡಿಯುತ್ತಾ ನೀನು ನಮ್ಮ ಸಂಘದ ಹಾಲ್ವರ್‌ನನ್ನು ಕೆಣಕುತ್ತಿದ್ದೆಯಲ್ಲ, “ನಿಂಗೆ ಎಂಬತ್ತಾಯ್ತು, ಇನ್ನು ಕವಣೆ ಹಿಡ್ಕೋ” ಎಂದು. ಅದನ್ನು ನೋಡಿದರೆ ನನಗೆ ಸಂತೋಷವಾಗುತ್ತಿತ್ತು. ಸುಳ್ಳಿನಿಂದ ಬಂದ ಸಂತೋಷ, ಆದರೂ ಸಂತೋಷವೇ.

ಆಮೇಲೆ ಆಗಸ್ಟಿನಲ್ಲಿ ಮೂರಾ ಪಟ್ಟಣದ ಪಂದ್ಯ. ಅಲ್ಲಿ ಕಂದಕದಲ್ಲಿದ್ದವರು ಬೇರೆಯವರು. ಮೊದಲ ಮೂರು ಗುಂಡಿಗೂ ಕೋಲು ಎಡಕ್ಕೆ ಹೋಯಿತು. ನೀನು ತಿರುಗಿ ನನ್ನನ್ನು ನೋಡಿದೆ. ನಾನು ನಿನ್ನ ಬೂಟು ನೋಡಿದೆ. ಗಾಳಿ ಇರಬೇಕು ಎಂದು ನೀನು ಗುರಿಯನ್ನು ಬಲಕ್ಕೆ ತಂದೆ, ನಂಬಿಕೆ ಬರದೆ ಮತ್ತೆ ಎಡಕ್ಕೆ ತಂದೆ, ಕೊನೆಗೆ ಎಲ್ಲ ಚೆಲ್ಲಾಪಿಲ್ಲಿ. ಹಿಂದೆ ನಿಂತಿದ್ದ ಯಾರೋ ನಕ್ಕರು. ವಾಪಸು ಬರುವಾಗ ಕಾರಿನಲ್ಲಿ ನೀನು ಕೇಳಿದ್ದು ಒಂದೇ: “ಮಂಗಳವಾರ ತೋರಿಸ್ತಿದ್ಯಲ್ಲ, ಅದು ನಿಜವಾಗ್ಲೂ ಹತ್ತೇನಾ?” ನಾನು ಕಿಟಕಿಯ ಗಾಜು ಏರಿಸಿದೆ. ಸುಮಾರು ದೂರ ಬಂದ ಮೇಲೆ ನೀನೇ ಹೇಳಿದೆ: “ಬಂದೂಕಿನ ತಪ್ಪಾಗಿದ್ರೆ ನೀನು ಹೇಳಿರ್ತಿದ್ದೆ. ಹೇಳ್ಲಿಲ್ಲ ಅಂದ್ರೆ ನನ್ ಕಣ್ಣೇ ಹೋಗಿರೋದು.” ಅದಕ್ಕೂ ನಾನು ಸುಮ್ಮನಿದ್ದೆ. ನೀನು ಸೆಪ್ಟೆಂಬರಿನಲ್ಲಿ ಹೊರಟುಹೋದೆ.

ಈಗ ಹೊಸದು ಹೇಳುತ್ತೇನೆ, ಗಮನವಿಟ್ಟು ಓದು. ಪೊಲೀಸರಿಗೆ ಕೊಡುವ ಮುಂಚೆ ನಿನ್ನ ತೊಂಬತ್ತಾರಿನಿಂದ ಕೊನೆಯದಾಗಿ ಹತ್ತು ಗುಂಡು ಹೊಡೆಯೋಣ ಎನಿಸಿತು. ಯಾಕೆ ಎನಿಸಿತೋ ಗೊತ್ತಿಲ್ಲ. ನನಗೂ ಅಂಥದ್ದೇ ಬಂದೂಕಿನ ಪರವಾನಗಿ ಇರುವುದರಿಂದ ಎರವಲು ತೆಗೆದುಕೊಳ್ಳಬಹುದು ಎಂದು ಹಾಲ್ವರ್ ಹೇಳಿದ. ಕೈ ತೊಳೆದುಕೊಂಡೇ ಮುಟ್ಟಿದೆ. ಎರಡು ವಾರದ ಹಿಂದಿನ ಮಂಗಳವಾರ ಹಾಲ್ವರ್ ಗೊಣಗಿಕೊಂಡು ಕಂದಕಕ್ಕೆ ಇಳಿದ. ನಾನು ಮಲಗಿ, ಉಸಿರು ಹಿಡಿದು, ಬಂದೂಕಿನ ಕುದುರೆ ಒತ್ತಿದೆ. ಕೋಲು ಎಡಕ್ಕೆ ಹೋಯಿತು. ಎರಡನೆಯದಕ್ಕೂ ಎಡಕ್ಕೆ. ಹತ್ತಕ್ಕೆ ಹತ್ತೂ ನಡುವಿನಿಂದ ಎಡಕ್ಕೆ ಒಂದು ಗೇಣು.

ನನ್ನ ಕಣ್ಣೂ ಹೋಯಿತು ಎಂದುಕೊಂಡೆ. ನಗಬೇಡ. ಮರುದಿನವೇ ಫೋನ್ ಮಾಡಿ, ಗುರುವಾರ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಚಿಕ್ಕ ಹುಡುಗಿ, ನಮ್ಮ ಕಾಲದಲ್ಲಾಗಿದ್ದರೆ ಶಾಲೆಯಲ್ಲಿರಬೇಕಾದವಳು. ಏನೇನೋ ಬೆಳಕು ಬಿಟ್ಟು ನೋಡಿ, “ಅಜ್ಜಿ, ನಿಮ್ ಕಣ್ಣು ನನ್ ಕಣ್ಣಿಗಿಂತ ಚೆನ್ನಾಗಿದೆ, ಯಾರು ನಿಮ್ಮನ್ನ ಹೆದರ್ಸಿದ್ದು?” ಎಂದಳು. ಮುಂದಿನ ಮಂಗಳವಾರ ಎರಡು ಬಂದೂಕನ್ನೂ ಒಯ್ದೆ. ನನ್ನದರಿಂದ ಹೊಡೆದರೆ ನಡುವಿಗೆ, ನಿನ್ನದರಿಂದ ಹೊಡೆದರೆ ಎಡಕ್ಕೆ. ಮತ್ತೆ ನನ್ನದು, ನಡುವಿಗೆ. ಮತ್ತೆ ನಿನ್ನದು, ಎಡಕ್ಕೆ. ಮನೆಗೆ ಬಂದು ಕಿಟಕಿ ಹತ್ತಿರ ಕೂತೆ.

ಇವತ್ತು ಹಾಲ್ವರ್‌ಗೆ ಎಲ್ಲವನ್ನೂ ಹೇಳಿಬಿಟ್ಟೆ, ಕಂದಕದ ಸುಳ್ಳನ್ನೂ ಸೇರಿಸಿ. ಅವನು ಸೇನೆಯಲ್ಲಿ ಮೂವತ್ತು ವರ್ಷ ಬಂದೂಕು ರಿಪೇರಿ ಮಾಡಿದವನಲ್ಲವೇ, ನೇರ ಹೋಗಿ ಭೂತಗನ್ನಡಿ ತಂದ. ನಳಿಗೆಯ ತುದಿಯಲ್ಲಿ ಗುರಿಕಡ್ಡಿ ಕೂತಿರುವ ಜಾಗದಲ್ಲಿ ಸೇನೆಯವರು ಕಡ್ಡಿಗೂ ಅದರ ಪೀಠಕ್ಕೂ ಸೇರಿಸಿ ಒಂದೇ ಗೀರು ಹಾಕಿರುತ್ತಾರೆ, ಕಡ್ಡಿ ಸರಿದರೆ ತಿಳಿಯಲಿ ಎಂದು. ನಿನ್ನದರಲ್ಲಿ ಆ ಗೀರು ಎರಡಾಗಿತ್ತು. ಕಡ್ಡಿ ಬಲಕ್ಕೆ ಸರಿದಿತ್ತು, ಉಗುರಿನ ದಪ್ಪದಷ್ಟು. ತುದಿಯಲ್ಲಿ ಉಗುರಿನಷ್ಟು ಸರಿದರೆ ಮುನ್ನೂರು ಮೀಟರಿನಲ್ಲಿ ಗೇಣು ಎಡಕ್ಕೆ ಹೋಗುತ್ತದೆ ಎಂದು ಹಾಲ್ವರ್ ಬೆರಳು ಮಡಿಸಿ ಲೆಕ್ಕ ಹೇಳಿದ. ಆಮೇಲೆ ನನ್ನ ಮುಖ ನೋಡಿದ. “ಇಷ್ಟಕ್ಕೆ ಗಂಡನ್ನ ಮನೆ ಬಿಡ್ಸಿದ್ಯೇನಮ್ಮಾ?” ಎಂದ. ಅಷ್ಟಕ್ಕೇ ಬಿಡಲಿಲ್ಲ ಅವನು. “ಕಣ್ಣು ಹೋದವ್ನ ಗುಂಡು ಇಡೀ ಹಲಗೆ ತುಂಬ ಚೆದುರಿ ಬೀಳತ್ತೆ. ಅವನ್ದು ಒಂದೇ ಕಡೆ ಗುಂಪಾಗಿ ಬೀಳ್ತಿತ್ತು ಅಂತೀಯ. ಎರಡು ವರ್ಷ ಕಂದಕದಲ್ಲಿ ಕೂತು ನೀನು ನೋಡಿದ್ದಾದ್ರೂ ಏನನ್ನ?”

ಅದನ್ನೇ ನಾನೂ ಕೇಳಿಕೊಳ್ಳುತ್ತಿದ್ದೇನೆ. ಬಂದೂಕು ಹಿಡಿದು ನಲವತ್ತು ವರ್ಷವಾಯಿತು. ಹೊಸದಾಗಿ ಸಂಘಕ್ಕೆ ಸೇರಿದವರಿಗೆ ಮೊದಲ ಪಾಠ ಹೇಳಿಕೊಡುವವಳು ನಾನೇ: ಗುಂಡು ಚೆದುರಿದರೆ ನಿಮ್ಮ ತಪ್ಪು, ಗುಂಪಾಗಿ ಒಂದು ಕಡೆ ಬಿದ್ದರೆ ಬಂದೂಕಿನ ತಪ್ಪು. ಪ್ರತಿ ಮಂಗಳವಾರ ನಿನ್ನ ಹತ್ತು ತೂತುಗಳಿಗೆ ನಾನೇ ಅಂಟು ಹಚ್ಚಿದೆ. ಒಂದು ತೂತಿನ ಚೂರು ಇನ್ನೊಂದರ ಮೇಲೆ ಬರುವಷ್ಟು ಒತ್ತೊತ್ತಾಗಿದ್ದವು. ಅದನ್ನು ನೋಡುತ್ತಲೇ, ನಿನ್ನ ಕಣ್ಣು ಹೋಗುತ್ತಿದೆ ಎಂದು ಮರುಗಿದೆ. ಹೇಗೆ ಸಾಧ್ಯ? ಗುರಿಕಡ್ಡಿ ಹೇಗೆ ಸರಿಯಿತೋ, ಯಾವಾಗ ಸರಿಯಿತೋ ದೇವರೇ ಬಲ್ಲ. ಯೋಚಿಸಿದಷ್ಟೂ ಸಿಕ್ಕಾಗುತ್ತದೆ. ನಿನ್ನ ಮೇಲಿನ ಪ್ರೀತಿಯಿಂದ ಮಾಡಿದೆ ಎಂದು ಒಂದು ಗಳಿಗೆ ಧೈರ್ಯ ತಂದುಕೊಳ್ಳುತ್ತೇನೆ, ಮರುಗಳಿಗೆ ಅದನ್ನು ನಾನೇ ನಂಬುವುದಿಲ್ಲ.

ಹಾಲ್ವರ್ ಚಿಕ್ಕ ಸುತ್ತಿಗೆ ಎತ್ತಿದ್ದ. ಎರಡು ಏಟು, ಗೀರು ಗೀರಿಗೆ ಸೇರುತ್ತದೆ ಎಂದ. ನಾನು ಅವನ ಕೈ ಹಿಡಿದೆ. ಬೇಡ, ಟೂರೆ ಬಂದು ತಾನೇ ನೋಡಲಿ, ಇಲ್ಲದಿದ್ದರೆ ನಂಬುವುದಿಲ್ಲ ಎಂದೆ. “ಬರ್ದೇ ಇದ್ರೆ?” ಎಂದ. ನಾನು ಬಂದೂಕನ್ನು ಚೀಲಕ್ಕೆ ಹಾಕಿ ಜಿಪ್ ಎಳೆದೆ.

ಈ ಲಕೋಟೆಯಲ್ಲಿ ನಾಲ್ಕು ಮಡಿಕೆ ಮಾಡಿದ ಗುರಿಕಾಗದ ಇದೆ. ಇವತ್ತು ನಿನ್ನ ಬಂದೂಕಿನಿಂದ ನಾನು ಹೊಡೆದದ್ದು. ಯಾವ ತೂತಿಗೂ ಚೂರು ಅಂಟಿಸಬೇಡ ಎಂದು ಹಾಲ್ವರ್‌ಗೆ ಹೇಳಿದ್ದೆ. ಕಿಟಕಿಗೆ ಹಿಡಿದು ನೋಡು. ಎಡಗಡೆ ಹತ್ತು ತೂತುಗಳನ್ನು ನೀನೇ ಎಣಿಸಲು ಆಯಿತೆಂದರೆ, ಈ ಕಾಗದವನ್ನು ಇಲ್ಲಿಯವರೆಗೆ ನೀನೇ ಓದಿದೆಯೆಂದರೆ, ನಿನ್ನ ಕಣ್ಣಿಗೆ ಏನಾಗಿದೆ ಹೇಳು. ಆದರೂ ಡಾಕ್ಟರ ಹತ್ತಿರ ಹೋಗು, ನನ್ನ ಮಾತನ್ನು ಮಾತ್ರ ನೆಚ್ಚಿಕೊಳ್ಳಬೇಡ. ನನ್ನ ಮಾತಿನ ಬೆಲೆ ಏನೆಂದು ನಿನಗೆ ಗೊತ್ತಾಗಿದೆ.

ಬಂದೂಕನ್ನು ಮೂವತ್ತೊಂದಕ್ಕೆ ಒಪ್ಪಿಸಬೇಕೋ ಬೇಡವೋ ತಿಳಿಸು. ನೀನು ಬಾ ಎಂದು ಕರೆಯಲು ನನಗೆ ಮುಖವಿಲ್ಲ, ಬರಬೇಡ ಎನ್ನಲು ಮನಸ್ಸಿಲ್ಲ. ಬಂದರೆ ನಾನು ಕಂದಕಕ್ಕೆ ಇಳಿಯುತ್ತೇನೆ, ಗುಂಡು ಬಿದ್ದಲ್ಲೇ ಕೋಲು ಇಡುತ್ತೇನೆ. ಬೇಡವೆಂದರೆ ಹಾಲ್ವರ್ ಇಳಿಯುತ್ತಾನೆ.

ನಮ್ಮ ಬೂದು ಬಣ್ಣದ ಮನೆಯಲ್ಲೇ ಇರುವ,
ಗುನ್ವೋರ್

ಮರೆತಿದ್ದು: ಮರೆತಿರಲಿಲ್ಲ. ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಗುರಿಕಡ್ಡಿ ಹೇಗೆ ಸರಿಯಿತೋ ದೇವರೇ ಬಲ್ಲ ಎಂದು ಮೇಲೆ ಬರೆದಿದ್ದೇನೆ. ಅದನ್ನು ಹೊಡೆದು ಹಾಕುವುದಿಲ್ಲ, ನಾನು ಎಂಥವಳು ಎಂದು ನಿನಗೆ ತಿಳಿಯಲಿ. ಹೋದ ವರ್ಷದ ಹಿಂದಿನ ವರ್ಷ, ಮೇ ತಿಂಗಳ ಮೊದಲ ಅಭ್ಯಾಸದ ದಿನ, ನೀನು ಕಾಫಿ ಬುಟ್ಟಿ ಹಿಡಿದು ಮುಂದೆ ಹೋಗಿದ್ದೆ. ನಾನು ಎರಡು ಬಂದೂಕನ್ನೂ ಒಟ್ಟಿಗೆ ಕಾರಿನಿಂದ ಎತ್ತಿದೆ. ನಿನ್ನದು ಕೈಜಾರಿ, ಮೂತಿ ಕೆಳಗಾಗಿ, ಪಕ್ಕದ ಬಂಡೆಗೆ ಬಡಿಯಿತು. ಬಂದೂಕಿನ ಮರದ ಹಿಡಿಗೆ ಏನೂ ಆಗಿರಲಿಲ್ಲ. ಅಂಗಿಯ ತೋಳಿನಿಂದ ಒರೆಸಿ ತಂದುಕೊಟ್ಟೆ. ಅವತ್ತು ನಿನ್ನ ಮೊದಲ ಗುಂಡು ಎಡಕ್ಕೆ ಬಿದ್ದಾಗಲೇ ಕಂದಕದಲ್ಲಿ ನನಗೆ ಎಲ್ಲ ಅರ್ಥವಾಗಿತ್ತು. ಕಾಫಿ ಕುಡಿಯುವಾಗ ಹೇಳೋಣ ಎಂದುಕೊಂಡು ಕೋಲನ್ನು ನಡುವಿಗೆ ಇಟ್ಟೆ. ಕಾಫಿ ಕುಡಿಯುವಾಗ ಹೇಳಲಿಲ್ಲ. ನಿನ್ನ ಕಣ್ಣಿನ ಕಥೆಯನ್ನು ನಾನು ಕಟ್ಟಿಕೊಂಡದ್ದು ಎಷ್ಟೋ ವಾರಗಳ ಮೇಲೆ. ಕಟ್ಟಿಕೊಂಡು, ಅದನ್ನೇ ನಂಬಿಕೊಂಡು, ಬಂಡೆಯನ್ನು ಮರೆತೇಬಿಟ್ಟೆ. ಮೊನ್ನೆ ಡಾಕ್ಟರ ಹತ್ತಿರ ಓಡಿದ್ದು ಕೂಡ, ನನ್ನ ಕಣ್ಣೂ ಕೆಟ್ಟಿದೆ ಎಂದು ಅವಳ ಬಾಯಿಂದ ಬರಲಿ ಎಂದು. ನೀನು ಕುರುಡನಾಗುತ್ತಿದ್ದೀಯ ಎಂದು ಅಳುವುದು, ನಿನ್ನ ಬಂದೂಕನ್ನು ಬೀಳಿಸಿದೆ ಎಂದು ಹೇಳುವುದಕ್ಕಿಂತ ನನಗೆ ಸುಲಭವಾಗಿತ್ತು, ಟೂರೆ.